ತಮ್ಮನ ಕೈಯ ಮೇಲೆ ಹೊರಿಸಿದ ತಪ್ಪು

ಮೊದಲು ತಪ್ಪನ್ನೇ ಹೇಳಿಬಿಡುತ್ತೇನೆ. ನನ್ನ ತಮ್ಮ ಮಾಣಿಕ ಒಂದು ದಿನ ನನ್ನನ್ನು ಒಂದು ಪ್ರಶ್ನೆ ಕೇಳಿದ. ಅದರ ನಿಜವಾದ ಉತ್ತರ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಆ ದಿನ ಹೇಳಲಿಲ್ಲ, ಮರುದಿನ ಹೇಳಲಿಲ್ಲ, ಇಪ್ಪತ್ತಾರು ವರ್ಷ ಹೇಳಲಿಲ್ಲ. ಹುಮನಾಬಾದ್ ಕಡೆಯಿಂದ ಹೈದರಾಬಾದಿಗೆ ಹೋಗಿ ಹೇಗೆ ನೆಲೆಯೂರಿದೆ ಎಂದು ಬರೆಯಲು ಕೂತಿದ್ದೇನೆ. ಆದರೆ ಮನೆ, ಭಾಷೆ, ಊಟ, ಯಾವುದರ ಬಗ್ಗೆ ಬರೆಯಹೋದರೂ ಈ ಮಾತೇ ಮುಂದೆ ಬಂದು ಕೂರುತ್ತದೆ. ಬರವಣಿಗೆ ನನಗೆ ಹೊಸದು. ನನ್ನ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯಿತು, ಅದೂ ನಿಜಾಮನ ಕಾಲದ ಉರ್ದುವಿನಲ್ಲಿ. ಕನ್ನಡದ ಅಕ್ಷರ ಕಲಿತದ್ದು ನಮ್ಮ ಘಾಟಬೋರಾಳದ ಮಠದ ಜಗುಲಿಯಲ್ಲಿ. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಆ ಶಹರಕ್ಕೆ ಕಾಲಿಟ್ಟ ಮೂರನೆಯ ದಿನ ಮಾಣಿಕನ ಕಾಲೇಜಿನ ಮೈದಾನ ನೋಡಲು ಹೋದೆ. ಅಲ್ಲಿ ಒಬ್ಬ ಹುಡುಗ ಕಳೆ ಕೀಳುವವನಂತೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಮುಖಕ್ಕೆ, ರಾಶಿ ತುಳಿಯುವ ಎತ್ತಿಗೆ ಕಟ್ಟುವ ಬಾಯಿಕುಕ್ಕೆಯಂಥ ಒಂದು ಕಬ್ಬಿಣದ ಜಾಳಿಗೆ. ಎದೆಗೆ ಗಾದಿಯಂಥ ಕವಚ. ಎಡಗೈಗೆ ರೊಟ್ಟಿಯಷ್ಟು ಅಗಲದ ದಪ್ಪ ತೊಗಲು. ದೂರದಿಂದ ಇನ್ನೊಬ್ಬ ಅವನ ಕಡೆಗೆ ಕಲ್ಲಿನಂಥ ಚೆಂಡನ್ನು ಬೀಸಿ ಒಗೆಯುತ್ತಿದ್ದ. ಮುಖದ ಜಾಳಿಗೆ ಎತ್ತಿ ಅವನು ನನ್ನ ಕಡೆ ನೋಡಿ ನಕ್ಕಾಗಲೇ ಗೊತ್ತಾದದ್ದು, ಅವನು ನನ್ನ ತಮ್ಮ.

ಹತ್ತಿರ ಬಂದವನನ್ನು ಕೇಳಿದೆ: "ಅವ ನಿನಗ ಹಿಂಗ ಒಗ್ಯಾಕತ್ತಾನಲ್ಲೋ, ಏನ ಅಂದಿದ್ದಿ ಅವಗ?"

"ಏನೂ ಅಂದಿಲ್ಲ ಅಣ್ಣಾ. ಅವ ನಮ್ಮ ತಂಡದಾವನೇ ಇದ್ದಾನ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಆಟದ ಹೆಸರು ಬೇಸ್‌ಬಾಲ್. ಕಾಲೇಜಿನಲ್ಲಿ ಹಿಂದೆ ಪಾಠ ಹೇಳುತ್ತಿದ್ದ ಒಬ್ಬ ಪರದೇಶದ ಮಾಸ್ತರ ಅದನ್ನು ಕಲಿಸಿ, ಸಾಮಾನು ಬಿಟ್ಟು ಹೋಗಿದ್ದನಂತೆ. ನಮ್ಮ ಚಿಣ್ಣಿದಾಂಡಿಗೆ ಅಣ್ಣನಾಗಬೇಕು ಅದು. ಒಂದು ಕಡೆ ಒಂಬತ್ತು ಜನ. ಒಬ್ಬ ಒಗೆಯುತ್ತಾನೆ, ಎದುರಾಳಿ ದುಂಡನೆಯ ಬಡಿಗೆಯಿಂದ ಬಾರಿಸುತ್ತಾನೆ. ಬಾರಿಸಿದವನು ನಾಲ್ಕು ಮೂಲೆ ಸುತ್ತಿ ಹೊರಟ ಜಾಗಕ್ಕೇ ಬಂದು ಮುಟ್ಟಿದರೆ ಒಂದು ಓಟ. ಬಾರಿಸುವವನ ಹಿಂದೆ ಕುಕ್ಕರಿಸಿ ಕೂತು, ಅವನು ತಪ್ಪಿಸಿದ ಪ್ರತಿಯೊಂದು ಚೆಂಡನ್ನೂ ಹಿಡಿಯುವವನು ಮಾಣಿಕ. ಅವನ ಕೈ ತಪ್ಪಿ ಚೆಂಡು ಉರುಳಿದರೆ ಮೂಲೆಯಲ್ಲಿ ಕಾದು ನಿಂತ ಎದುರಾಳಿಗಳು ಓಡಿಬಂದುಬಿಡುತ್ತಾರೆ. ಇಡೀ ದಿನ ಕುಕ್ಕರಗಾಲಿನಲ್ಲಿ ಕೂಡುವುದು ಶಹರದ ಹುಡುಗರಿಗೆ ಆಗುತ್ತಿರಲಿಲ್ಲ. ನಮ್ಮವನಿಗೆ ಅದು ಹುಟ್ಟಿನಿಂದ ಬಂದದ್ದು. ತಂಡದಲ್ಲಿ ಇರುವವರೆಗೆ ಫೀಸು ಮಾಫಿ. ಆ ಮಾಫಿಯಿಂದಲೇ ಅವನು ಕಾಲೇಜಿನಲ್ಲಿದ್ದ. ಓದಿ, ಆಟ ಕಲಿಸುವ ಮಾಸ್ತರನಾಗಿ ಹುಮನಾಬಾದಿನ ಶಾಲೆಗೆ ಬರಬೇಕೆಂಬುದು ಅವನ ಆಸೆ.

ನಾನು ಹೋದದ್ದು ಅವನಿಗೆ ಅಡುಗೆ ಮಾಡಿ ಹಾಕಿ, ದುಡಿದು, ಓದಿಸುವುದಕ್ಕೆ. ಅಪ್ಪ ತೀರಿಕೊಂಡಿದ್ದ. ಹೊಲವನ್ನು ಕಾಕಾ ಪಾಲಿಗೆ ಮಾಡಿಕೊಂಡ. ಅವ್ವ ಊರಲ್ಲೇ ಉಳಿದಳು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗ ವರ್ಷವೂ ತುಂಬಿರಲಿಲ್ಲ. ಅಪ್ಪನ ಕಾಲಕ್ಕೆ ಹೈದರಾಬಾದ್ ನಮ್ಮದೇ ರಾಜಧಾನಿ; ಕೋರ್ಟು ಕಚೇರಿ ಎಲ್ಲಕ್ಕೂ ಅಲ್ಲಿಗೇ ಮುಖ. ನಾನು ಹೋಗುವಷ್ಟರಲ್ಲಿ ಅದು ಬೇರೆ ರಾಜ್ಯದ ಊರು. ರಸ್ತೆ ಅದೇ, ಬಸ್ಸು ಅದೇ, ಮನ್ನಾಏಖೇಳ್ಳಿಯಲ್ಲಿ ಚಹಾಕ್ಕೆ ಇಳಿಯುವುದೂ ಅದೇ. ಇಳಿದ ಮೇಲೆ ಮಾತ್ರ "ಮೈಸೂರಿನವನು" ಎಂದು ಕೇಳಬೇಕಾಯಿತು. ಮೈಸೂರು ಯಾವ ದಿಕ್ಕಿಗಿದೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಒಬ್ಬ ತೆಲುಗು ವಿಧವೆಯ ಮನೆಯ ಹಿಂದಿನ ಕೋಣೆ ಸಿಕ್ಕಿತು. ಮೇಲೆ ತಗಡು. ಆರು ಸಂಸಾರಕ್ಕೆ ಒಂದು ನಳ. ಊರಲ್ಲಿ ನೀರಿಗೆ ಬಾವಿ ಎಲ್ಲಿದೆ ಎಂದು ಕೇಳುತ್ತಾರೆ, ಅಲ್ಲಿ ಸರದಿ ಯಾರದು ಎಂದು ಕೇಳುತ್ತಾರೆ. ಜೋಳದ ಹಿಟ್ಟು ಸಿಗುವ ಅಂಗಡಿ ಹುಡುಕಲು ನನಗೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅನ್ನ ಮತ್ತು ಖಟ್ಟಿ ದಾಲ್, ಎಂದರೆ ಹುಣಸೆ ಹಿಂಡಿದ ಬೇಳೆ. ಎರಡು ತಟ್ಟೆ ಉಂಡರೂ ಉಂಡಂತೆ ಅನಿಸುತ್ತಿರಲಿಲ್ಲ. ಮೊದಲ ರೊಟ್ಟಿ ಬಡಿದ ದಿನ ಆ ಸಪ್ಪಳಕ್ಕೆ ಮನೆಯೊಡತಿ ಏನು ಒಡೆಯಿತೋ ಎಂದು ಓಡಿಬಂದಿದ್ದಳು. ಅವಳಿಗೂ ಒಂದು ಕೊಟ್ಟೆ. ಆಮೇಲೆ ವಾರಕ್ಕೊಮ್ಮೆ ತಾನೇ ಹಿಟ್ಟು ತಂದುಕೊಡತೊಡಗಿದಳು.

ಕೆಲಸ ಸೋಡಾ ಕಾರಖಾನೆಯಲ್ಲಿ, ಗೋಲಿ ಬಾಟಲಿ ತೊಳೆಯುವುದು. ಊರ ಕಡೆ ಉರ್ದು ಎಂದರೆ ತಹಶೀಲಿನ ಭಾಷೆ, ಕೇಳಿದರೆ ಕೈಕಟ್ಟಿ ನಿಲ್ಲಬೇಕು. ಇಲ್ಲಿ ಅದೇ ಭಾಷೆಯಲ್ಲಿ ಜೊತೆಯವರು ಬೈದುಕೊಂಡು, ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಯುತ್ತಿದ್ದರು. ಅವರು ನನಗಿಟ್ಟ ಹೆಸರು "ಹೌಲಾ". ಏನೂ ತಿಳಿಯದ ಪೆದ್ದನಿಗೆ ಆ ಶಹರದಲ್ಲಿ ಹಾಗೆನ್ನುತ್ತಾರೆ. ರಸ್ತೆ ದಾಟಲು ಬರುವುದಿಲ್ಲ, ಹೌಲಾ. ಬಸ್ಸಿನ ನಂಬರು ಗೊತ್ತಿಲ್ಲ, ಹೌಲಾ. ಊರಲ್ಲಿ ನಾನು ಹೌಲಾ ಆಗಿರಲಿಲ್ಲ. ಎತ್ತು ಕುಂಟಿದರೆ, ಮೋಟು ಸೋರಿದರೆ ನಾಲ್ಕು ಹೊಲದಾಚೆಯಿಂದ ನನ್ನನ್ನು ಕರೆಯಲು ಬರುತ್ತಿದ್ದರು. ಮೋಟು ಎಂದರೆ ಬಾವಿಯಿಂದ ಎತ್ತು ಹೂಡಿ ನೀರೆತ್ತುವ ತೊಗಲಿನ ಚೀಲ. ತೊಗಲಿನ ಕೆಲಸ ಅಪ್ಪ ನನಗೆ ಕಲಿಸಿದ ವಿದ್ಯೆ. ಇದನ್ನು ಹೇಳುವುದು ನನ್ನ ತಪ್ಪನ್ನು ಸಣ್ಣದು ಮಾಡಲಿಕ್ಕಲ್ಲ. ಅದು ಎಲ್ಲಿಂದ ಬಂತು ಎಂದು ನಿಮಗೆ ತಿಳಿಯಲಿ ಎಂದು.

ಆ ವರ್ಷ ದಸರೆಯ ನಂತರ ಆಟದ ಹಂಗಾಮು ಶುರುವಾಯಿತು. ಪ್ರತಿ ಭಾನುವಾರ ಒಂದು ಪಂದ್ಯ. ಕಾರಖಾನೆಗೆ ರಜೆ ಇರುತ್ತಿದ್ದರಿಂದ ನಾನು ಎಲ್ಲಕ್ಕೂ ಹೋದೆ. ಮೊದಲ ಪಂದ್ಯ ಹೀನಾಯವಾಗಿ ಸೋತರು. ಎರಡನೆಯದರಲ್ಲಿ ಮಳೆ ಬಂತು. ಮೂರನೆಯದು ಫೌಜಿನವರ ತಂಡದ ಮೇಲೆ. ಅವರ ಒಬ್ಬೊಬ್ಬರ ತೋಳು ನಮ್ಮ ಹುಡುಗರ ತೊಡೆಯಷ್ಟಿತ್ತು. ಅವತ್ತು ಮಾಣಿಕನ ಕೈಯಿಂದ ಒಂದು ಚೆಂಡೂ ಜಾರಲಿಲ್ಲ. ಫಟ್, ಫಟ್ ಎಂದು ತೊಗಲಿಗೆ ಬಂದು ಬೀಳುತ್ತಲೇ ಇತ್ತು. ಗೆದ್ದ ಮೇಲೆ ಆಟ ಕಲಿಸುವ ಮಾಸ್ತರರು ಅವನ ಬೆನ್ನು ತಟ್ಟಿದರು. ಎಲ್ಲರೂ ಅವರನ್ನು ಡ್ರಿಲ್ ಸಾಬ್ ಎನ್ನುತ್ತಿದ್ದರು. ಹಣ್ಣು ಗಡ್ಡದ, ಕಡಿಮೆ ಮಾತಿನ ಮನುಷ್ಯ. ನನ್ನ ಕಡೆ ತಿರುಗಿ ಉರ್ದುವಿನಲ್ಲಿ, ಇವನ ಕೈಯಲ್ಲಿ ಅಂಟು ಇದೆಯೇನು, ಮನೆಯಲ್ಲಿ ಏನು ತಿನ್ನಿಸುತ್ತೀ ಎಂದರು. ಜೋಳದ ರೊಟ್ಟಿ ಎಂದೆ. ಹಾಗಾದರೆ ಇನ್ನೆಂಟು ಜನಕ್ಕೂ ಬಡಿದು ತಾ ಎಂದರು. ಆ ಶಹರದಲ್ಲಿ ಯಾರೋ ನನ್ನನ್ನು ಕೂಡಿಸಿಕೊಂಡು ನಕ್ಕದ್ದು ಅದೇ ಮೊದಲು. ಮುಂದಿನ ಭಾನುವಾರ ಇಪ್ಪತ್ತು ರೊಟ್ಟಿ ಒಯ್ದೆ.

ಸಂತೋಷವಿತ್ತು. ಅದರ ಅಡಿಯಲ್ಲಿ ಒಂದು ಸಣ್ಣ ಹೊಟ್ಟೆಕಿಚ್ಚೂ ಇತ್ತು. ತಮ್ಮ ಮೈದಾನದ ನಡುವೆ, ನಾನು ಬೇಲಿಯ ಹೊರಗೆ ರೊಟ್ಟಿಯ ಗಂಟು ಹಿಡಿದು. ಅವನಿಗೆ ಬೇಕಾಗುವಂಥದು ನನ್ನ ಹತ್ತಿರ ಏನಾದರೂ ಇರಬಾರದೇ ಎಂದು ಅನಿಸುತ್ತಿತ್ತು.

ಅವರು ಗೆಲ್ಲುತ್ತ ಹೋದರು. ಕಡೆಯ ಪಂದ್ಯ ಎಳ್ಳಮಾಸೆಯ ನಂತರದ ಭಾನುವಾರಕ್ಕೆ ಬಿತ್ತು. ಎಳ್ಳಮಾಸೆಗೆ ನಮ್ಮಲ್ಲಿ ಮನೆಯ ಗಂಡು ಮಗ ಹೊಲದಲ್ಲಿ ಚರಗ ಚೆಲ್ಲಲೇಬೇಕು, ಭೂಮಿತಾಯಿಗೆ ಎಡೆ ಹಾಕದೆ ನಾವು ಉಣ್ಣುವಂತಿಲ್ಲ. ನನಗೆ ಕಾರಖಾನೆಯಲ್ಲಿ ರಜೆ ಕೊಡಲಿಲ್ಲ. ಮಾಣಿಕ ಹೊರಟ. ಚೆಂಡು ಹಿಡಿಯುವ ತೊಗಲಿನ ಕೈಯನ್ನು ಅವನು ದಿನಾ ಕೋಣೆಗೆ ತರುತ್ತಿದ್ದ, ಅಂಗೈಯ ಜಾಗ ಇನ್ನೂ ಬಿರುಸಿದೆ ಎಂದು ಗುದ್ದಿ ಗುದ್ದಿ ಮೆತ್ತಗೆ ಮಾಡುತ್ತಿದ್ದ. ಇಡೀ ಕಾಲೇಜಿಗೆ ಅದು ಒಂದೇ. ಅದನ್ನು ಗೂಟಕ್ಕೆ ಸಿಕ್ಕಿಸಿ ಹೋದ.

ಆ ರಾತ್ರಿ ಕಳೆದು ಬೆಳಗಾದಾಗ ನನ್ನ ಕಣ್ಣಿಗೆ ಅದೇ ಬಿತ್ತು. ಇದಕ್ಕೇಕೆ ಇಷ್ಟು ಗುದ್ದಬೇಕು ಎಂದುಕೊಂಡೆ. ಹೊಸ ಮೋಟು ಬಿರುಸಾಗಿದ್ದರೆ ಅಪ್ಪ ಏನು ಮಾಡುತ್ತಿದ್ದ? ಒಂದು ಹಗಲು ನೀರಲ್ಲಿ ಮುಳುಗಿಸಿ, ತುಳಿದು, ಔಡಲೆಣ್ಣೆ ತಿಕ್ಕುತ್ತಿದ್ದ. ಮರುದಿನ ಅದು ಸೀರೆಯಂತೆ ಬಳುಕುತ್ತಿತ್ತು. ನಾನೂ ಹಾಗೇ ಮಾಡಿದೆ. ಬಕೀಟಿನಲ್ಲಿ ನೀರು ತುಂಬಿ ಮುಳುಗಿಸಿ, ಮೇಲೆ ಒಂದು ಕಲ್ಲಿಟ್ಟು ಕೆಲಸಕ್ಕೆ ಹೋದೆ. ಸಂಜೆ ತೆಗೆದಾಗ ಮೆತ್ತಗಿತ್ತು. ಎಣ್ಣೆ ತಿಕ್ಕಿದೆ. ಒಣಗಲೆಂದು ಮರುದಿನ ತಗಡಿನ ಮೇಲೆ ಬಿಸಿಲಿಗಿಟ್ಟೆ.

ಸಂಜೆ ಬಂದು ನೋಡಿದರೆ ಅದು ಸೆಟೆದು ಹಲಗೆಯಾಗಿತ್ತು. ಬೆರಳು ತೂರಿಸಿದರೆ ಮಡಚುತ್ತಿರಲಿಲ್ಲ. ಮತ್ತೆ ಎಣ್ಣೆ ತಿಕ್ಕಿದೆ, ಕಾಲಲ್ಲಿ ತುಳಿದೆ, ಮೇಲೆಲ್ಲ ಮಿರುಗು ಬಂತು, ಒಳಗೆ ಕಟ್ಟಿಗೆಯೇ. ಮೋಟು ದಿನಾ ಬಾವಿಗಿಳಿದು ನೆನೆಯುತ್ತದೆ, ಅದಕ್ಕೇ ಅದು ಮೆತ್ತಗಿರುತ್ತದೆ. ಇದು ಒಣಗಿದಲ್ಲೇ ಕೆಲಸ ಮಾಡಬೇಕಾದ ತೊಗಲು. ಅಷ್ಟು ಸಣ್ಣ ವಿಚಾರ ನನಗೆ ಹೊಳೆದಿರಲಿಲ್ಲ.

ಭಾನುವಾರ ಮಾಣಿಕ ಬಸ್ಸಿನಿಂದ ನೇರ ಮೈದಾನಕ್ಕೇ ಬರುವುದೆಂದು ಮೊದಲೇ ಆಗಿತ್ತು. ತೊಗಲಿನ ಕೈಯನ್ನು ನಾನೇ ಒಯ್ದುಕೊಟ್ಟೆ. ಹಾಕಿಕೊಂಡು ಎರಡು ಸಲ ಮುಚ್ಚಿ ತೆರೆಯಲು ನೋಡಿದ. ನನ್ನ ಮುಖ ನೋಡಿದ.

"ಅಣ್ಣಾ, ಇದು ಯಾಕೋ ಬಿರುಸಾಗ್ಯದ. ಇದಕ ಏನರ ಮಾಡೀಯೇನು?"

ಹೇಳಬಹುದಿತ್ತು. ಹಳೆಯ ಬಟ್ಟೆ ಸುತ್ತಿಕೊಂಡಾದರೂ ಅವನು ಆಡುತ್ತಿದ್ದ. ಡ್ರಿಲ್ ಸಾಬ್ ಏನಾದರೂ ದಾರಿ ಹುಡುಕುತ್ತಿದ್ದರು. ಅವರು ನಾಲ್ಕು ಹೆಜ್ಜೆ ಆಚೆಗೇ ನಿಂತಿದ್ದರು. ಅವರ ಮುಂದೆ, ಆ ಹುಡುಗರ ಮುಂದೆ, ನನಗೆ ಗೊತ್ತಿದ್ದ ಒಂದೇ ವಿದ್ಯೆಯಲ್ಲೂ ನಾನು ಹೌಲಾ ಎಂದು ಹೇಳಲು ನನ್ನಿಂದ ಆಗಲಿಲ್ಲ.

ಮಾಣಿಕನ ಎಡ ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. ಹಬ್ಬದ ಮರುದಿನ ಕಾಕಾನ ಜೊತೆ ತೊಗರಿ ಕೊಯ್ದಿದ್ದನಂತೆ. ಅದನ್ನು ನೋಡಿದೆ. ನೋಡಿ ಹೇಳಿದೆ:

"ಅದು ಇದ್ದಂಗೇ ಅದ. ತೊಗರಿ ಕೊಯ್ದು ನಿನ್ನ ಕೈನೇ ಬಿರುಸಾಗ್ಯದ."

ಅವನು ತನ್ನ ಅಂಗೈ ನೋಡಿಕೊಂಡ. ಹೌದೇನೋ ಎಂಬಂತೆ ತಲೆಯಾಡಿಸಿದ. ಅಣ್ಣ ಹೇಳಿದ್ದನ್ನು ಅವನು ನಂಬದೆ ಇದ್ದದ್ದು ಇಲ್ಲ.

ಪಂದ್ಯದ ಬಗ್ಗೆ ಹೆಚ್ಚು ಬರೆಯಲಾರೆ. ಮೊದಲಿಂದಲೂ ಚೆಂಡು ಆ ತೊಗಲಿಗೆ ಬಡಿದು ಪುಟಿಯುತ್ತಿತ್ತು. ಫಟ್ ಎನ್ನುವ ಜಾಗದಲ್ಲಿ ಟಣ್ ಎನ್ನುವ ಸದ್ದು. ಅವನು ಎದೆಯಿಂದ, ಮೊಣಕಾಲಿನಿಂದ, ಹೇಗೆ ಹೇಗೋ ತಡೆದ. ಕಡೆಯ ಪಾಳಿಯಲ್ಲಿ ನಮ್ಮವರು ಒಂದು ಓಟ ಮುಂದಿದ್ದರು. ಎದುರಾಳಿಗಳ ಇಬ್ಬರು ಮೂಲೆಗಳಲ್ಲಿ ಕಾದು ನಿಂತಿದ್ದರು. ಬಾರಿಸುವವನು ಇನ್ನೊಂದು ಸಲ ತಪ್ಪಿಸಿ, ಮಾಣಿಕ ಆ ಚೆಂಡು ಹಿಡಿದರೆ ಅವನು ಔಟು, ಆಟ ಮುಗಿಯುತ್ತಿತ್ತು. ಬಾರಿಸುವವನು ತಪ್ಪಿಸಿದ, ಚೆಂಡು ಮಾಣಿಕನ ತೊಗಲಿಗೆ ಬಡಿದು ಪುಟಿದು ಬರಿಗೈಗೆ, ಬಲಗೈಗೆ ತಾಗಿತು. ಉರುಳಿ ಹಿಂದೆ ಹೋಯಿತು. ಇಬ್ಬರೂ ಓಡಿಬಂದರು. ಸೋತೆವು. ಅವನು ಮಂಡಿಯೂರಿ ಕೂತಿದ್ದ. ತೋರುಬೆರಳು ಹೊರಳಿ ಬೇರೆ ದಿಕ್ಕು ನೋಡುತ್ತಿತ್ತು.

ಡ್ರಿಲ್ ಸಾಬ್ ಬೈಯಲಿಲ್ಲ. ಊರಿಗೆ ಹೋಗಬಾರದಿತ್ತು ಮಿಯಾ, ಕೈಗೆ ಆಟ ಮರೆತುಹೋಯಿತು ಎಂದಷ್ಟೇ ಅಂದರು. ಮಾಣಿಕ ಹೌದು ಎಂದ. ನಾನು ಅವರಿಬ್ಬರ ನಡುವೆ ನಿಂತಿದ್ದೆ. ಸಾಮಾನಿನ ಗೋಣಿಚೀಲಕ್ಕೆ ತೊಗಲಿನ ಕೈಯನ್ನು ತುರುಕಿದವನು ನಾನೇ. ಯಾರೂ ಅದನ್ನು ಮುಟ್ಟಿ ನೋಡಲಿಲ್ಲ.

ಬೆರಳು ಕೂಡಿಕೊಳ್ಳಲಿಲ್ಲ. ಪರೀಕ್ಷೆಯಲ್ಲಿ ಅವನಿಗೆ ಬರೆಯಲು ಆಗಲಿಲ್ಲ. ತಂಡದಲ್ಲಿ ಬೇರೆಯವನು ಬಂದ, ಫೀಸಿನ ಮಾಫಿ ಹೋಯಿತು. ನಾನೊಬ್ಬನೇ ದುಡಿದು ಓದಿಸುತ್ತೇನೆಂದೆ. ಅವನು ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವನ ಟ್ರಂಕು ಮೇಲೇರಿಸುವಾಗ ಈಗ ಹೇಳುತ್ತೇನೆ ಎಂದುಕೊಂಡೆ. ಬಸ್ಸು ಹೊರಟಿತು. ಪತ್ರದಲ್ಲಿ ಬರೆಯುತ್ತೇನೆ ಎಂದುಕೊಂಡೆ. ಎಷ್ಟೋ ಪತ್ರ ಬರೆದೆ. ಸೋಡಾ ಕಾರಖಾನೆ, ಮಳೆ, ಅವ್ವನ ಮೊಣಕಾಲು ನೋವು, ಎಲ್ಲ ಇತ್ತು, ಅದೊಂದು ಇರಲಿಲ್ಲ.

ಅವನು ಬಸವಕಲ್ಯಾಣದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅಲ್ಲೇ ಮದುವೆಯಾದ, ಅಲ್ಲೇ ಉಳಿದ. ನಾನು ಹೈದರಾಬಾದಿನಲ್ಲಿ ಉಳಿದೆ. ತಮ್ಮನನ್ನು ಓದಿಸಲು ಹೋದವನು, ತಮ್ಮ ಮರಳಿದ ಮೇಲೂ ಅಲ್ಲೇ ನಿಂತದ್ದು ಯಾಕೆ ಎಂದು ಜನ ಕೇಳುತ್ತಿದ್ದರು. ಊರಿಗೆ ಮರಳಿದ್ದರೆ ಮತ್ತೆ ಮತ್ತೆ ಆ ಬೆರಳು ನೋಡಬೇಕಾಗುತ್ತಿತ್ತು. ಕಾರಖಾನೆಯಲ್ಲಿ ಮೇಲಾದೆ, ಎರಡು ಕೋಣೆಯ ಮನೆ ಹಿಡಿದೆ. ನನ್ನ ಹೆಂಡತಿ ನಮ್ಮ ಕಡೆಯ ಮಂಠಾಳದವಳು, ನಳದ ಕಟ್ಟೆಯ ಜಗಳದಲ್ಲಿ ತೆಲುಗು ಕಲಿತಳು. ಮಕ್ಕಳು ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಉರ್ದು, ನನ್ನ ಮುಂದೆ ಮಾತ್ರ ಕನ್ನಡ. ಅಲ್ಲಿ ನಾನು ಇವತ್ತಿಗೂ "ಕನ್ನಡದವನು". ಹುಮನಾಬಾದಿನಲ್ಲಿ ಬಸ್ಸು ಇಳಿದರೆ "ಹೈದರಾಬಾದ್ ಬಂಡೆಪ್ಪ ಬಂದ" ಎನ್ನುತ್ತಾರೆ. ಎರಡೂ ಕಡೆ ಉಣ್ಣಲು ಕರೆಯುತ್ತಾರೆ, ಎರಡೂ ಕಡೆ ಮಣೆ ಅತಿಥಿಯದು. ಇದಕ್ಕೆ ರಾಜ್ಯದ ಗಡಿ ಕಾರಣ ಎಂದು ಬಹಳ ವರ್ಷ ಹೇಳಿಕೊಂಡೆ. ಗಡಿ ಹಾಕಿಕೊಂಡವನು ನಾನೇ ಎಂದು ಹೇಳಿಕೊಳ್ಳಲಿಲ್ಲ.

ಹೋದ ವರ್ಷ ಮಗಳ ಮದುವೆಗೆ ಸೀರೆ ಕೊಳ್ಳಲು ಮಾಣಿಕನ ಅಂಗಡಿಗೇ ಹೋದೆವು. ಮೇಲಿನ ಅಟ್ಟದಿಂದ ಒಬ್ಬ ಬಟ್ಟೆಯ ತಾನುಗಳನ್ನು ಕೆಳಗೆ ಒಗೆಯುತ್ತಿದ್ದ, ಕೆಳಗಿನವರು ಹಿಡಿದು ಬಿಚ್ಚಿ ಹಾಸುತ್ತಿದ್ದರು. ಎಲ್ಲ ಬಟ್ಟೆ ಅಂಗಡಿಯಲ್ಲೂ ಹಾಗೇ. ಮಾಣಿಕನ ಕಡೆಗೆ ಒಂದು ಬಂತು. ಅವನು ಕೈ ಚಾಚಲಿಲ್ಲ. ಪಕ್ಕಕ್ಕೆ ಸರಿದು, ಅದು ಗಾದಿಯ ಮೇಲೆ ಬಿದ್ದ ಮೇಲೆ ಎತ್ತಿಕೊಂಡ. ಅಂಗಡಿಯ ಸಾವಕಾರ ನಕ್ಕು ನನಗೆ ಹೇಳಿದ: "ನಿಮ್ಮ ತಮ್ಮಗ ಒಂದ್ ತಾನು ಹಿಡೀಲಾಕ ಬರಂಗಿಲ್ರಿ. ಇಷ್ಟು ವರ್ಷ ಆತು, ಒಂದ್ ದಿನಾ ಹಿಡದಿಲ್ಲ."

ಮಾಣಿಕನೂ ನಕ್ಕ. ಗಜಕೋಲಿನಿಂದ ಅಳೆಯುತ್ತಲೇ, ತಲೆಯೆತ್ತದೆ ಹೇಳಿದ:

"ನನ್ನ ಕೈ ನಂಬಬ್ಯಾಡ್ರಿ ಸಾವಕಾರ್ರ. ಟೈಮಿಗೆ ಮೋಸ ಮಾಡೋ ಕೈ ಅದ ಇದು. ಹೈದ್ರಾಬಾದ್ನಾಗೇ ಪರೀಕ್ಷಾ ಆಗ್ಯದ."

ನನ್ನ ಹೆಂಡತಿ ಸೀರೆಯ ಅಂಚು ತೋರಿಸಿ ಏನೋ ಕೇಳಿದಳು. ನನಗೆ ಕೇಳಿಸಲಿಲ್ಲ. ಬೆರಳು ಹೋಯಿತು, ಓದು ಹೋಯಿತು ಎಂದಷ್ಟೇ ನಾನು ಇಷ್ಟು ವರ್ಷ ಕೊರಗಿದ್ದೆ. ಅವನು ದಿನದಿನವೂ ತನ್ನ ಕೈಯನ್ನೇ ಕಳ್ಳನನ್ನು ಕಾಯುವಂತೆ ಕಾಯುತ್ತಿದ್ದಾನೆ ಎಂದು ನನಗೆ ತಿಳಿದೇ ಇರಲಿಲ್ಲ. ಅದು ಚೆಂಡಿನಿಂದ ಆದದ್ದಲ್ಲ. ನನ್ನ ಒಂದು ಮಾತಿನಿಂದ ಆದದ್ದು.

ಊಟದ ಬಿಡುವಿನಲ್ಲಿ ಅವನನ್ನು ತ್ರಿಪುರಾಂತ ಕೆರೆಯ ಕಡೆ ಕರೆದುಕೊಂಡು ಹೋದೆ. ಮದುವೆಯ ಖರ್ಚಿನ ಮಾತಿರಬೇಕೆಂದು ಅವನು ತಿಳಿದಿದ್ದ. ದಂಡೆಯ ಮೇಲೆ ಕೂತೆವು. ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಯಾರೋ ಎಮ್ಮೆ ತೊಳೆಯುತ್ತಿದ್ದರು. ನಾನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಬಕೀಟಿನಿಂದ ಶುರು ಮಾಡಿದೆ. ನೀರು, ಕಲ್ಲು, ಎಣ್ಣೆ, ತಗಡು, ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದ:

"ಎಷ್ಟ ಹೊತ್ತು ನೀರಾಗ ಇಟ್ಟಿದ್ದಿ?"

"ಮುಂಜಾನಿಂದ ಸಂಜಿ ತನ."

"ನಾ ನಿನಗ ಕೇಳಿದ್ನಲ್ಲ."

"ಕೇಳಿದ್ದಿ."

"ನೀ ತಪ್ಪು ನನ್ನ ಕೈ ಮ್ಯಾಲ ಹಾಕಿದಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು, ಯಾರೋ ಬೇರೆಯವರ ಕೈಗಳನ್ನು ನೋಡುವಂತೆ ನೋಡುತ್ತಿದ್ದ. ಅವನಿಗೆ ಆಗ ನಲವತ್ತಾರು. ಅವನಿಗೆ ನಾನು ಆ ವರ್ಷಗಳನ್ನು ಕೊಡಲಾರೆ, ಆ ಬೆರಳನ್ನು ನೆಟ್ಟಗೆ ಮಾಡಲಾರೆ. ಕೊಡಲು ಉಳಿದದ್ದು ಅವನು ಅವತ್ತು ಕೇಳಿದ ಉತ್ತರ ಒಂದೇ. ಅವನ ಕಡೆ ತಿರುಗಿ ಕೂತು, ಗಟ್ಟಿಯಾಗಿಯೇ ಹೇಳಿದೆ:

"ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲ ಮಾಣಿಕ. ಆವತ್ತೂ ಇರಲಿಲ್ಲ, ಇವತ್ತೂ ಇಲ್ಲ. ತೊಗಲ ಕೆಡಿಸಿದಾಂವ ನಾ. ಗೊತ್ತಿದ್ದು ಸುಳ್ಳು ಹೇಳಿದಾಂವನೂ ನಾನೇ. ನನಗ ಮಾಫ್ ಮಾಡು."